ಇಲಿ ಅದೇ, ಬಾಟಲಿ ಅದೇ, ಫಲಿತಾಂಶ ಮಾತ್ರ ಬೇರೆ

ಪ್ರಯೋಗಾಲಯದ ಇಲಿಯೊಂದರ ಹೊಟ್ಟೆಗೆ ಒಂದಿಷ್ಟು ಎಲ್‌ಪಿಎಸ್ ಚುಚ್ಚಿದರು ಅಂತಿಟ್ಟುಕೊಳ್ಳಿ. ಎಲ್‌ಪಿಎಸ್ ಅಂದರೆ ಲಿಪೊಪಾಲಿಸ್ಯಾಕರೈಡ್. ಇ. ಕೊಲೈ ತರಹದ ಬ್ಯಾಕ್ಟೀರಿಯಾಗಳ ಹೊರಮೈಯಲ್ಲಿ ಹೊದಿಕೆಯಂತೆ ಇರುವ, ಕೊಬ್ಬು ಮತ್ತು ಸಕ್ಕರೆ ಸೇರಿ ಆದ ವಸ್ತು. ಅದಕ್ಕೆ ಜೀವವಿಲ್ಲ. ಅದು ಬೆಳೆಯುವುದಿಲ್ಲ, ಹರಡುವುದಿಲ್ಲ. ಆದರೂ ಕೆಲವು ಗಂಟೆಗಳಲ್ಲಿ ಇಲಿಯ ಓಡಾಟ ನಿಲ್ಲುತ್ತದೆ. ಮೈಗೂದಲು ಕೆದರಿಕೊಳ್ಳುತ್ತದೆ. ಪಂಜರದ ಮೂಲೆಯಲ್ಲಿ ಬೆನ್ನು ಬಾಗಿಸಿ, ಅರ್ಧ ಕಣ್ಣು ಮುಚ್ಚಿ ಕೂತುಬಿಡುತ್ತದೆ. ತಿನ್ನುವುದೂ ಬೇಡ, ಕುಡಿಯುವುದೂ ಬೇಡ. ರಕ್ತ ತೆಗೆದು ನೋಡಿದರೆ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ಸಂದೇಶಗಳು ಜಾಸ್ತಿಯಾಗಿರುತ್ತವೆ. ಇಲ್ಲದ ಬ್ಯಾಕ್ಟೀರಿಯಾದ ಜೊತೆ ಇಲಿಯ ದೇಹ ಯುದ್ಧಕ್ಕೆ ನಿಂತಿರುತ್ತದೆ.

ಈಗ ಅದಕ್ಕೆ ಜ್ವರ ಬಂದಿದೆಯಾ ನೋಡಿ. ಬರಬೇಕು, ಅಲ್ವಾ? ಆದರೆ ಇಲಿಮನೆಯ ತಾಪಮಾನ 22 ಡಿಗ್ರಿ ಇದ್ದರೆ ಮೈ ತಣ್ಣಗಾಗುವುದೇ ಜಾಸ್ತಿ. ಅದೇ ತಳಿಯ ಇಲಿಯನ್ನು 30 ಡಿಗ್ರಿಯ ಕೋಣೆಯಲ್ಲಿಟ್ಟು ಅದೇ ಎಲ್‌ಪಿಎಸ್ ಕೊಟ್ಟರೆ ಜ್ವರ ಬರುತ್ತದೆ. ಕಾರಣ ಸರಳ. 22 ಡಿಗ್ರಿ ಎಂದರೆ ಅಂಗಿ ಹಾಕಿಕೊಂಡು ಓಡಾಡುವ ನಮಗೆ ಹಿತ, ಇಲಿಗೆ ಚಳಿ. ಮೈ ಬೆಚ್ಚಗಿಡಲಿಕ್ಕೇ ಅದು ಹೆಚ್ಚಿನ ಶಕ್ತಿ ಸುರಿಯುತ್ತಿರುತ್ತದೆ. ಅದರ ಮೇಲೆ ಎಲ್‌ಪಿಎಸ್ ಏಟು ಬಿದ್ದರೆ ತಾಪ ಕಾಪಾಡಿಕೊಳ್ಳುವುದನ್ನೇ ಕೈಬಿಡುತ್ತದೆ. ಔಷಧವೂ ಅದೇ, ಪ್ರಾಣಿಯೂ ಅದೇ. ಕೋಣೆಯ ಎಂಟು ಡಿಗ್ರಿ ವ್ಯತ್ಯಾಸ ಫಲಿತಾಂಶವನ್ನು ತಲೆಕೆಳಗು ಮಾಡಿತು.

‘ಬ್ಯಾಕ್ಟೀರಿಯಾದ ಇಂಥ ಅಂಶದಿಂದ ಇಲಿಗಳಲ್ಲಿ ಕಾಯಿಲೆ ವಾಸಿ’ ಎಂಬ ಸುದ್ದಿ ಈಗ ವಾರಕ್ಕೊಂದು ಬರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಬಗ್ಗೆ ಆಸಕ್ತಿ ಬೆಳೆದಷ್ಟೂ ಇಂಥ ಸುದ್ದಿ ಹೆಚ್ಚುತ್ತಿದೆ. ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಾದ ಚೂರುಗಳು ರೋಗನಿರೋಧಕ ವ್ಯವಸ್ಥೆಯನ್ನು ನಿಜಕ್ಕೂ ಆಡಿಸುತ್ತವೆ. ಆದರೆ ಆ ಆಟದಲ್ಲಿ ಚೂರಿನ ಪಾಲೆಷ್ಟು, ಇಲಿಯ ಪಾಲೆಷ್ಟು, ಇಲಿ ಬೆಳೆದ ಮನೆಯ ಪಾಲೆಷ್ಟು ಎಂಬುದು ತಲೆಬರಹದಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದೇ ಅಲ್ಲಿ.

ಮೊದಲು ಚೂರುಗಳ ವಿಷಯ. ಎಲ್‌ಪಿಎಸ್‌ಗೆ ಎಂಡೋಟಾಕ್ಸಿನ್ ಎಂಬ ಹಳೆಯ ಹೆಸರೂ ಇದೆ. 1892ರ ಸುಮಾರಿಗೆ ರಿಚರ್ಡ್ ಫೈಫರ್ ಎಂಬ ಜರ್ಮನ್ ವಿಜ್ಞಾನಿ ಸತ್ತ ಕಾಲರಾ ಬ್ಯಾಕ್ಟೀರಿಯಾವೂ ಗಿನಿಯಿಲಿಗಳನ್ನು ಕೊಲ್ಲುವುದನ್ನು ಗಮನಿಸಿದರು. ವಿಷ ಬ್ಯಾಕ್ಟೀರಿಯಾದ ಒಳಗಿನದು ಅಂದುಕೊಂಡು ಆ ಹೆಸರಿಟ್ಟರು. ನಿಜವಾಗಿ ಅದು ಇರುವುದು ಹೊರಮೈಯಲ್ಲಿ. ಹೆಸರು ಮಾತ್ರ ಹಾಗೇ ಉಳಿಯಿತು. ಇದಲ್ಲದೆ ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದ ಪ್ರೋಟೀನ್ ಫ್ಲಾಜೆಲಿನ್ ಇದೆ. ಕೋಶಗೋಡೆಯ ಪುಟ್ಟ ತುಣುಕು ಮುರಮೈಲ್ ಡೈಪೆಪ್ಟೈಡ್ ಇದೆ. ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಲೆಕ್ಕಕ್ಕೆ ಬರುತ್ತದೆ. ಅದರ ಕೆಲವು ಅಕ್ಷರಜೋಡಿಗಳು ನಮ್ಮ ಡಿಎನ್‌ಎಯಲ್ಲಿ ಅಪರೂಪ, ಇದ್ದರೂ ಬೇರೆ ರೂಪದಲ್ಲಿರುತ್ತವೆ. ದೇಹ ಇವನ್ನೆಲ್ಲ ‘ಇದು ನನ್ನದಲ್ಲ’ ಎಂದು ಗುರುತಿಸುತ್ತದೆ.

ರೋಗನಿರೋಧಕ ವಿಜ್ಞಾನಿಗಳು ಈ ಚೂರುಗಳನ್ನು ಅರ್ಥಮಾಡಿಕೊಳ್ಳುವ ಎಷ್ಟೋ ಮೊದಲೇ ಬಳಸುತ್ತಿದ್ದರು. ಇಲಿಗೋ ಮೊಲಕ್ಕೋ ಶುದ್ಧ ಪ್ರೋಟೀನ್ ಒಂದನ್ನೇ ಚುಚ್ಚಿದರೆ ಅದರ ದೇಹ ಹೆಚ್ಚಾಗಿ ಕ್ಯಾರೇ ಅನ್ನುವುದಿಲ್ಲ. ಪ್ರತಿಕಾಯಗಳು ಚೆನ್ನಾಗಿ ಬರಬೇಕು ಅಂದರೆ ಜೊತೆಗೆ ಏನೋ ಬೆರೆಸಬೇಕು. ಅತಿ ಪ್ರಸಿದ್ಧವಾದದ್ದು ಫ್ರಾಯಿಂಡ್ ಅಡ್ಜುವೆಂಟ್. ಖನಿಜ ತೈಲದಲ್ಲಿ ಸತ್ತ ಕ್ಷಯದ ಬ್ಯಾಕ್ಟೀರಿಯಾ ಕದಡಿದ ದಪ್ಪ ಬಿಳಿ ಮಿಶ್ರಣ ಅದು. 1989ರಲ್ಲಿ ಅಮೆರಿಕದ ರೋಗನಿರೋಧಕ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ ಇದನ್ನು ರೋಗನಿರೋಧಕ ವಿಜ್ಞಾನಿಗಳ ಕೊಳಕು ಗುಟ್ಟು ಎಂದು ಕರೆದರು. ದೇಹ ಪರಕೀಯ ಪ್ರೋಟೀನನ್ನು ಕಂಡ ಕೂಡಲೇ ಪ್ರತಿಕ್ರಿಯಿಸುತ್ತದೆ ಅಂತ ಪಾಠ ಹೇಳುತ್ತೇವೆ, ಆದರೆ ಪ್ರಯೋಗ ಮಾಡುವಾಗ ಸುಮ್ನೆ ಬ್ಯಾಕ್ಟೀರಿಯಾ ಬೆರೆಸುತ್ತೇವೆ ಎಂಬುದು ಅವರ ಮಾತಿನ ಸಾರ. ಬ್ಯಾಕ್ಟೀರಿಯಾದ ಅಂಶಗಳನ್ನು ಗುರುತಿಸುವ ರಿಸೆಪ್ಟರ್‌ಗಳು ದೇಹದಲ್ಲಿ ಹುಟ್ಟಿನಿಂದಲೇ ಇರಬೇಕು ಎಂದು ಅವರು ಊಹಿಸಿದರು. ಆಗ ಅಂಥ ಒಂದನ್ನೂ ಯಾರೂ ತೋರಿಸಿರಲಿಲ್ಲ.

ಆ ಗುಟ್ಟು ಇನ್ನೂ ಚಾಲ್ತಿಯಲ್ಲಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ರೋಗನಿರೋಧಕ ವ್ಯವಸ್ಥೆ ಸ್ವಂತ ನರಗಳ ಹೊದಿಕೆಯನ್ನೇ ಹಾಳುಮಾಡುವ ಕಾಯಿಲೆಗೆ ಔಷಧ ಹುಡುಕುವವರು ಇಲಿಗಳಲ್ಲಿ ಆ ತರಹದ ಕಾಯಿಲೆಯನ್ನು ಮೊದಲು ಹುಟ್ಟಿಸಬೇಕು. ಅದಕ್ಕೆ ನರಗಳ ಹೊದಿಕೆಯ ಪ್ರೋಟೀನನ್ನು ಫ್ರಾಯಿಂಡ್ ಅಡ್ಜುವೆಂಟ್‌ನಲ್ಲಿ ಕಲಸಿ ಚುಚ್ಚುತ್ತಾರೆ. ಸಾಮಾನ್ಯವಾಗಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಟಾಕ್ಸಿನ್ ಕೂಡ ಕೊಡುತ್ತಾರೆ. ಅಂದರೆ ಇಲಿಯ ದೇಹ ತನ್ನ ಮೇಲೆ ತಾನೇ ದಾಳಿ ಮಾಡುವ ರೋಗ ಎಂದು ನಾವು ಓದುವ ಕಾಯಿಲೆಯಲ್ಲಿ ಎರಡು ಬ್ಯಾಕ್ಟೀರಿಯಾಗಳ ಕೈವಾಡ ಇರುತ್ತದೆ. ಮನುಷ್ಯರಿಗೆ ಆ ಕಾಯಿಲೆ ಹಾಗೆ ಬರುವುದಿಲ್ಲ.

ಜೇನ್‌ವೇ ಊಹಿಸಿದ ರಿಸೆಪ್ಟರ್ ಸಿಕ್ಕಿದ್ದು ಒಂದು ‘ಕೆಟ್ಟ’ ಇಲಿಯಿಂದ. ಸಿ3ಎಚ್/ಎಚ್ಇಜೆ ಎಂಬ ತಳಿ. ಬೇರೆ ಇಲಿಗಳು ಸಾಯುವಷ್ಟು ಎಲ್‌ಪಿಎಸ್ ಕೊಟ್ಟರೂ ಇದು ಆರಾಮಾಗಿ ಓಡಾಡಿಕೊಂಡಿರುತ್ತದೆ ಎಂಬುದು 1960ರ ದಶಕದಲ್ಲೇ ಗೊತ್ತಾಗಿತ್ತು. ಆಹಾ, ಎಂಥ ಗಟ್ಟಿ ಇಲಿ ಅನ್ನಿಸುತ್ತದೆ. ಆದರೆ ಜೀವಂತ ಸಾಲ್ಮೊನೆಲ್ಲಾ ಸೋಂಕು ತಗುಲಿಸಿದರೆ ಬೇರೆ ಇಲಿಗಳಿಗಿಂತ ಬೇಗ ಸಾಯುವುದು ಇದೇ. ಎಲ್‌ಪಿಎಸ್ ತಾಗಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಗಾಬರಿಯೂ ಇಲ್ಲ, ಕಾವಲೂ ಇಲ್ಲ.

ಅಮೆರಿಕದ ಡಲ್ಲಾಸ್‌ನಲ್ಲಿ ಬ್ರೂಸ್ ಬ್ಯೂಟ್ಲರ್ ತಂಡ ಈ ಇಲಿಯಲ್ಲಿ ಕೆಟ್ಟಿರುವ ಜೀನ್ ಯಾವುದು ಎಂದು ಹುಡುಕಲು ಹೊರಟಿತು. ಆಗ ಇಲಿಯ ಪೂರ್ತಿ ಜೀನೋಮ್ ಓದಿ ಮುಗಿದಿರಲಿಲ್ಲ. ಇಲಿಗಳನ್ನು ಅಡ್ಡಹಾಯಿಸಿ, ಮರಿಗಳನ್ನು ಪರೀಕ್ಷಿಸಿ, 4ನೇ ಕ್ರೋಮೋಸೋಮಿನ ಒಂದು ಭಾಗಕ್ಕೆ ಹುಡುಕಾಟವನ್ನು ಕಿರಿದು ಮಾಡುತ್ತಾ ಬರಬೇಕಾಯಿತು. ವರ್ಷಗಳೇ ಹಿಡಿದವು. 1998ರಲ್ಲಿ ಸಿಕ್ಕಿದ್ದು ಟಿಎಲ್‌ಆರ್4 ಎಂಬ ಜೀನ್. ಅದು ಮಾಡುವ ಪ್ರೋಟೀನಿನ 712ನೇ ಜಾಗದಲ್ಲಿ ಪ್ರೋಲಿನ್ ಇರಬೇಕಿತ್ತು, ಹಿಸ್ಟಿಡಿನ್ ಕೂತಿತ್ತು. ಅಷ್ಟೇ. ಒಂದು ಅಮೈನೋ ಆಮ್ಲದ ಅದಲುಬದಲು. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ತಂಡ ‘ಟೋಲ್’ ಜೀನ್ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರದ ಸೋಂಕಿಗೆ ಸುಲಭವಾಗಿ ಬಲಿಯಾಗುವುದನ್ನು ತೋರಿಸಿತ್ತು. ನೊಣ ಮತ್ತು ಇಲಿ ಒಂದೇ ಕುಟುಂಬದ ಕಾವಲುಗಾರರನ್ನು ಬಳಸುತ್ತಿದ್ದವು. 2011ರಲ್ಲಿ ಬ್ಯೂಟ್ಲರ್ ಮತ್ತು ಹಾಫ್‌ಮನ್ ಇಬ್ಬರಿಗೂ ನೊಬೆಲ್ ಬಂತು.

ಇಷ್ಟು ಕೇಳಿದರೆ ಎಲ್ಲ ಸಲೀಸು ಅನ್ನಿಸಬಹುದು. ಎಲ್‌ಪಿಎಸ್ ಬೀಗದಕೈ, ಟಿಎಲ್‌ಆರ್4 ಬೀಗ. ತಾಪತ್ರಯ ಶುರುವಾಗುವುದು ಎಲ್‌ಪಿಎಸ್ ಎಂಬುದು ಒಂದೇ ವಸ್ತು ಅಲ್ಲ ಎಂದು ತಿಳಿದಾಗ. ಅದರ ಬುಡದಲ್ಲಿ ಲಿಪಿಡ್-ಎ ಎಂಬ ಭಾಗವಿದೆ, ಅದಕ್ಕೆ ಕೊಬ್ಬಿನ ಬಾಲಗಳಿವೆ. ಇ. ಕೊಲೈನಲ್ಲಿ ಆರು ಬಾಲ. ಕರುಳಿನಲ್ಲಿ ಹೇರಳವಾಗಿರುವ ಬ್ಯಾಕ್ಟೀರಾಯ್ಡಿಸ್ ಗುಂಪಿನಲ್ಲಿ ನಾಲ್ಕೋ ಐದೋ. ಪ್ಲೇಗಿನ ಬ್ಯಾಕ್ಟೀರಿಯಾ ಇನ್ನೂ ಕಿಲಾಡಿ. ಚಿಗಟದ ಮೈಯಲ್ಲಿರುವಂಥ ಕಡಿಮೆ ತಾಪದಲ್ಲಿ ಆರು ಬಾಲದ ಎಲ್‌ಪಿಎಸ್ ಮಾಡುತ್ತದೆ. 37 ಡಿಗ್ರಿಯ ಬಿಸಿರಕ್ತಕ್ಕೆ ಬಂದ ಮೇಲೆ ಬಾಲಗಳನ್ನು ಹೆಚ್ಚಾಗಿ ನಾಲ್ಕಕ್ಕೆ ಇಳಿಸುತ್ತದೆ. ನಾಲ್ಕು ಬಾಲದ್ದು ಟಿಎಲ್‌ಆರ್4 ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. 2006ರಲ್ಲಿ ಸಂಶೋಧಕರು ಪ್ಲೇಗ್ ಬ್ಯಾಕ್ಟೀರಿಯಾದ ಜೀನ್ ತಿದ್ದಿ, 37 ಡಿಗ್ರಿಯಲ್ಲೂ ಆರು ಬಾಲದ್ದನ್ನೇ ಮಾಡುವ ಹಾಗೆ ಮಾಡಿದರು. ಅಷ್ಟಕ್ಕೇ ಅದು ಇಲಿಗಳನ್ನು ಕೊಲ್ಲುವ ಶಕ್ತಿ ಕಳೆದುಕೊಂಡಿತು.

ಇದರಲ್ಲೇ ಇನ್ನೊಂದು ಎಡವಟ್ಟು ಇದೆ. ನಾಲ್ಕು ಬಾಲದ ಲಿಪಿಡ್-4ಎ ಎಂಬ ಅಣು ಇಲಿಯ ಟಿಎಲ್‌ಆರ್4ನ್ನು ಕೆರಳಿಸುತ್ತದೆ. ಅದೇ ಅಣು ಮನುಷ್ಯನ ಟಿಎಲ್‌ಆರ್4ನ್ನು ತಡೆಯುತ್ತದೆ. ಒಂದೇ ಅಣು, ಒಂದು ಪ್ರಾಣಿಯಲ್ಲಿ ಆಕ್ಸಿಲರೇಟರ್, ಇನ್ನೊಂದರಲ್ಲಿ ಬ್ರೇಕ್. ಪ್ರಮಾಣದಲ್ಲೂ ಅಂತರ ಇದೆ. ಸ್ವಯಂಸೇವಕರಿಗೆ ದೇಹತೂಕದ ಕೆಜಿಗೆ 2ರಿಂದ 4 ನ್ಯಾನೊಗ್ರಾಂ ಎಲ್‌ಪಿಎಸ್ ಕೊಟ್ಟರೆ ಸಾಕು, ಚಳಿ, ಜ್ವರ, ಮೈಕೈನೋವು ಬರುತ್ತದೆ. ಸೆಪ್ಸಿಸ್ ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಾಂಗಗಳೇ ಕೆಡುವ ಸ್ಥಿತಿ. ಇಲಿಗಳ ಸೆಪ್ಸಿಸ್ ಪ್ರಯೋಗಗಳಲ್ಲಿ ಲೆಕ್ಕ ಮಿಲಿಗ್ರಾಮಿನಲ್ಲಿ ಇರುತ್ತದೆ. ಒಂದು ಮಿಲಿಗ್ರಾಂ ಎಂದರೆ 10 ಲಕ್ಷ ನ್ಯಾನೊಗ್ರಾಂ. ಜ್ವರ ತರುವ ಪ್ರಮಾಣವನ್ನೂ ಕೊಲ್ಲುವ ಪ್ರಮಾಣವನ್ನೂ ಪಕ್ಕಪಕ್ಕ ಇಡುವುದು ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ಇಲಿ ನಮಗಿಂತ ಎಷ್ಟೋ ಪಟ್ಟು ದಪ್ಪ ಚರ್ಮದ್ದು ಎಂಬುದಂತೂ ಖರೆ.

ಈಗ ಬಾಟಲಿಯ ಕಥೆ. ಎಲ್‌ಪಿಎಸ್ ಅನ್ನು ಬ್ಯಾಕ್ಟೀರಿಯಾದಿಂದಲೇ ತೆಗೆಯಬೇಕು. ತೆಗೆಯುವಾಗ ಜೊತೆಗೆ ಇನ್ನೇನೋ ಅಂಟಿಕೊಂಡು ಬರುತ್ತದೆ. 1998ರಲ್ಲಿ ಎಲ್‌ಪಿಎಸ್‌ನ ರಿಸೆಪ್ಟರ್ ಟಿಎಲ್‌ಆರ್4ರ ಕುಟುಂಬದ್ದೇ ಆದ ಟಿಎಲ್‌ಆರ್2 ಎಂದು ಹೇಳುವ ವರದಿಗಳೂ ಬಂದಿದ್ದವು. ಪ್ರಯೋಗ ಅಚ್ಚುಕಟ್ಟಾಗಿಯೇ ಇತ್ತು. ಆಮೇಲೆ ಎಲ್‌ಪಿಎಸ್ ಅನ್ನು ಇನ್ನೊಮ್ಮೆ ಶುದ್ಧಮಾಡಿ ನೋಡಿದಾಗ ಟಿಎಲ್‌ಆರ್2 ತೆಪ್ಪಗಾಯಿತು. ಅದನ್ನು ಕೆರಳಿಸುತ್ತಿದ್ದದ್ದು ಬಾಟಲಿಯಲ್ಲಿ ಅತಿ ಸ್ವಲ್ಪ ಉಳಿದಿದ್ದ ಲಿಪೊಪ್ರೋಟೀನ್, ಬ್ಯಾಕ್ಟೀರಿಯಾದ್ದೇ ಇನ್ನೊಂದು ಚೂರು. ಉಲ್ಟಾ ಕೂಡ ನಡೆದಿದೆ. ಲ್ಯಾಬಿನಲ್ಲಿ ಬೇಕಾದ ಪ್ರೋಟೀನುಗಳನ್ನು ಇ. ಕೊಲೈ ಒಳಗೇ ತಯಾರಿಸುವುದು ರೂಢಿ. ಬಿಸಿಯಂಥ ಒತ್ತಡ ಬಿದ್ದಾಗ ಕೋಶಗಳು ಹೆಚ್ಚಾಗಿ ಮಾಡುವ, ದೇಹದ್ದೇ ಆದ ಹೀಟ್‌ಶಾಕ್ ಪ್ರೋಟೀನುಗಳು ಉರಿಯೂತ ಹುಟ್ಟಿಸುತ್ತವೆ ಎಂದು ಹಲವು ಪ್ರಯೋಗಗಳು ಹೇಳಿದವು. ಜಾಸ್ತಿ ಶುದ್ಧಮಾಡಿದ ಮೇಲೆ ಆ ಗುಣದಲ್ಲಿ ಬಹುಪಾಲು ಮಾಯವಾಯಿತು. ಜೊತೆಗೆ ಬಂದ ಎಲ್‌ಪಿಎಸ್‌ನ ಕೆಲಸ ಅದು. ಎಲ್‌ಪಿಎಸ್ ಅಂಥ ಹಠಮಾರಿ. ಆಟೋಕ್ಲೇವ್‌ನ 121 ಡಿಗ್ರಿ ಹಬೆಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಲ್‌ಪಿಎಸ್ ಮಿಸುಕುವುದಿಲ್ಲ. ಗಾಜಿನ ಪಾತ್ರೆಯಿಂದ ಅದನ್ನು ಓಡಿಸಲು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಆದ್ದರಿಂದ ಯಾವುದೇ ಹೊಸ ಪ್ರೋಟೀನ್ ‘ರೋಗನಿರೋಧಕ ಶಕ್ತಿ ಚುರುಕುಗೊಳಿಸುತ್ತದೆ’ ಎಂದು ಓದಿದಾಗ ನನಗೆ ಮೊದಲು ಬರುವ ಅನುಮಾನ ಇದೇ: ಎಂಡೋಟಾಕ್ಸಿನ್ ಅಳೆದಿದ್ದರಾ?

ಬಾಟಲಿ ಸರಿ ಇದ್ದರೂ ಇಲಿಯೇ ಮೋಸ ಮಾಡಬಹುದು. 1995ರಲ್ಲಿ ಕ್ಯಾಸ್ಪೇಸ್-1 ಎಂಬ ಜೀನ್ ತೆಗೆದ ಇಲಿಗಳು ಮಾರಕ ಎಲ್‌ಪಿಎಸ್‌ನಿಂದ ಬದುಕಿ ಉಳಿಯುತ್ತವೆ ಎಂದು ಕಂಡುಬಂತು. ಸರಿ, ಸಾವಿಗೆ ಕಾರಣ ಕ್ಯಾಸ್ಪೇಸ್-1 ಎಂದು ಹದಿನೈದು ವರ್ಷ ಎಲ್ಲರೂ ನಂಬಿದರು. 2011ರಲ್ಲಿ ಗೊತ್ತಾದದ್ದೇನು? ಆ ಇಲಿಗಳನ್ನು ಮಾಡಲು ಬಳಸಿದ್ದ 129 ಎಂಬ ತಳಿಯಲ್ಲಿ ಪಕ್ಕದ ಕ್ಯಾಸ್ಪೇಸ್-11 ಜೀನ್ ಮೊದಲೇ ಕೆಟ್ಟಿತ್ತು. ಎರಡೂ ಜೀನ್‌ಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವುದರಿಂದ ಜೋಡಿಯಾಗಿಯೇ ಬಂದಿದ್ದವು. ಇಲಿಯನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ಕ್ಯಾಸ್ಪೇಸ್-11. ಈ ತಪ್ಪು ಸಿಕ್ಕಿದ್ದರಿಂದ ಒಂದು ಲಾಭವೂ ಆಯಿತು. ಕೋಶದ ಒಳಗೆ ನುಗ್ಗಿದ ಎಲ್‌ಪಿಎಸ್ ಅನ್ನು ಟಿಎಲ್‌ಆರ್4 ನೆರವಿಲ್ಲದೆ ಹಿಡಿಯುವ ಎರಡನೇ ಕಾವಲು ಇದೆ ಎಂಬುದು ಇದರಿಂದಲೇ ಬೆಳಕಿಗೆ ಬಂತು.

ಇನ್ನು ಇಲಿ ಬೆಳೆದ ಮನೆ. ನ್ಯೂಯಾರ್ಕ್‌ನ ಡಾನ್ ಲಿಟ್‌ಮನ್ ಪ್ರಯೋಗಾಲಯದಲ್ಲಿ ಒಂದು ವಿಚಿತ್ರ ಕಂಡಿತು. ಸಣ್ಣಕರುಳಿನಲ್ಲಿ ಟಿಎಚ್17 ಎಂಬ ಬಿಳಿ ರಕ್ತಕಣಗಳು ಟಕೋನಿಕ್ ಸಂಸ್ಥೆಯಿಂದ ಬಂದ ಇಲಿಗಳಲ್ಲಿ ತುಂಬಾ ಇದ್ದವು, ಜಾಕ್ಸನ್ ಸಂಸ್ಥೆಯ ಇಲಿಗಳಲ್ಲಿ ತೀರಾ ಕಡಿಮೆ. ತಳಿ ಒಂದೇ. ಎರಡನ್ನೂ ಒಂದೇ ಪಂಜರದಲ್ಲಿ ಇಟ್ಟರೆ ಜಾಕ್ಸನ್ ಇಲಿಗಳಲ್ಲೂ ಆ ಕಣಗಳು ಏರಿದವು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ಹಾಗಾಗಿ ಬ್ಯಾಕ್ಟೀರಿಯಾ ದಾಟಿತು. ಆ ಬ್ಯಾಕ್ಟೀರಿಯಾ ಯಾವುದೆಂದು 2009ರಲ್ಲಿ ಖಚಿತವಾಯಿತು. ಕರುಳಿನ ಗೋಡೆಗೆ ದಾರದ ಹಾಗೆ ಕಚ್ಚಿಕೊಳ್ಳುವ ಒಂದು ಜಾತಿ, ಚುಟುಕಾಗಿ ಎಸ್‌ಎಫ್‌ಬಿ. ಟಿಎಚ್17 ಕಣಗಳು ಕೀಲುರಿಯೂತದಂಥ ಕಾಯಿಲೆಗಳಲ್ಲಿ ಪಾತ್ರ ವಹಿಸುತ್ತವೆ. ಎಂದರೆ ಇಲಿಯನ್ನು ಯಾರಿಂದ ತರಿಸಿದಿರಿ ಎಂಬುದೇ ಫಲಿತಾಂಶ ಬದಲಿಸಬಹುದು.

ಮನೆಯ ಪ್ರಭಾವ ಮನುಷ್ಯರಲ್ಲೂ ಇದೆ ಎನ್ನಲು ಒಂದು ಒಳ್ಳೆಯ ಅಧ್ಯಯನ 2016ರದ್ದು. ಫಿನ್‌ಲೆಂಡ್, ಎಸ್ಟೋನಿಯಾ ಮತ್ತು ರಷ್ಯಾದ ಕರೇಲಿಯಾ ಒಂದಕ್ಕೊಂದು ಹತ್ತಿರದ ಪ್ರದೇಶಗಳು. ಆದರೆ ಬಾಲ್ಯದಲ್ಲಿ ಬರುವ ಟೈಪ್-1 ಮಧುಮೇಹ ಫಿನ್‌ಲೆಂಡ್‌ನಲ್ಲಿ ಕರೇಲಿಯಾಕ್ಕಿಂತ ಬಹಳ ಜಾಸ್ತಿ. ಫಿನ್‌ಲೆಂಡ್ ಮತ್ತು ಎಸ್ಟೋನಿಯಾ ಶಿಶುಗಳ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ಹೆಚ್ಚು, ಕರೇಲಿಯಾದ ಶಿಶುಗಳಲ್ಲಿ ಇ. ಕೊಲೈ ಎಲ್‌ಪಿಎಸ್ ಹೆಚ್ಚು ಕಂಡಿತು. ಮಧುಮೇಹ ತಾನಾಗಿಯೇ ಬರುವ ಎನ್‌ಒಡಿ ಇಲಿಗಳಿಗೆ ಇ. ಕೊಲೈ ಎಲ್‌ಪಿಎಸ್ ಕೊಟ್ಟಾಗ ಕಾಯಿಲೆ ತಡವಾಯಿತು. ಬ್ಯಾಕ್ಟೀರಾಯ್ಡಿಸ್ ಎಲ್‌ಪಿಎಸ್ ಕೊಟ್ಟಾಗ ಆಗಲಿಲ್ಲ. ಮತ್ತೆ ಅದೇ ಬಾಲಗಳ ಲೆಕ್ಕ. ಶಿಶುಗಳ ಮಧುಮೇಹಕ್ಕೆ ಇದೇ ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು. ಆದರೆ ಎಳೆ ಗಟ್ಟಿಯಾಗಿಯೇ ಇದೆ.

ಹಿಂದೆ ತಾಗಿದ ಚೂರುಗಳ ನೆನಪೂ ದೇಹದಲ್ಲಿ ಉಳಿಯುತ್ತದೆ. 1940ರ ದಶಕದಲ್ಲಿ ಪಾಲ್ ಬೀಸನ್ ಎಂಬ ವೈದ್ಯ ಮೊಲಗಳಿಗೆ ಸತ್ತ ಬ್ಯಾಕ್ಟೀರಿಯಾ ಇರುವ ಟೈಫಾಯ್ಡ್ ಲಸಿಕೆಯನ್ನು ದಿನಾ ಚುಚ್ಚಿ ನೋಡಿದರು. ಮೊದಲ ದಿನ ಭಾರೀ ಜ್ವರ. ದಿನ ಕಳೆದಂತೆ ಅದೇ ಪ್ರಮಾಣಕ್ಕೆ ಜ್ವರ ಕಡಿಮೆ ಕಡಿಮೆ. ಇದಕ್ಕೆ ಎಂಡೋಟಾಕ್ಸಿನ್ ಸಹಿಷ್ಣುತೆ ಎನ್ನುತ್ತಾರೆ. ಬಿಸಿಜಿ ಲಸಿಕೆಯದು ತಿರುಗಾಮುರುಗಾ. ಲಸಿಕೆಯನ್ನು ಸಾಮಾನ್ಯವಾಗಿ ನೆನಪಿಡುವ ಟಿ ಮತ್ತು ಬಿ ಕೋಶಗಳೇ ಇಲ್ಲದ ಇಲಿಗಳಿಗೆ ಬಿಸಿಜಿ ಕೊಟ್ಟರೆ, ಅದಕ್ಕೆ ಸಂಬಂಧವೇ ಇಲ್ಲದ ಕ್ಯಾಂಡಿಡಾ ಶಿಲೀಂಧ್ರದಿಂದಲೂ ಒಂದಿಷ್ಟು ರಕ್ಷಣೆ ಸಿಗುತ್ತದೆ. ಬ್ಯಾಕ್ಟೀರಿಯಾದ ಚೂರು ಸಿಕ್ಕಿದ ದೇಹ ಮೊದಲಿನ ದೇಹವಾಗಿ ಉಳಿಯುವುದಿಲ್ಲ.

ಹಾಗಿದ್ದ ಮೇಲೆ ಅತಿ ಸ್ವಚ್ಛ ಇಲಿಮನೆಯಲ್ಲಿ ಹುಟ್ಟಿ, ಶೋಧಿಸಿದ ಗಾಳಿ ಕುಡಿದು ಬೆಳೆದ ಇಲಿ ಯಾರ ಪ್ರತಿನಿಧಿ? 2016ರಲ್ಲಿ ಅಮೆರಿಕದ ಮಿನ್ನೆಸೋಟಾದ ಸಂಶೋಧಕರು ಉತ್ತರ ಕೊಟ್ಟರು. ಲ್ಯಾಬ್ ಇಲಿಯ ರೋಗನಿರೋಧಕ ವ್ಯವಸ್ಥೆ ನವಜಾತ ಶಿಶುವಿನದಕ್ಕೆ ಹತ್ತಿರ. ಸಾಕುಪ್ರಾಣಿ ಅಂಗಡಿಯ ಇಲಿಯದು ವಯಸ್ಕ ಮನುಷ್ಯನದಕ್ಕೆ ಹತ್ತಿರ. ಎರಡನ್ನೂ ಒಂದೇ ಪಂಜರದಲ್ಲಿ ಬಿಟ್ಟರೆ ಲ್ಯಾಬ್ ಇಲಿಯೂ ‘ಬಲಿಯುತ್ತದೆ’. 2019ರಲ್ಲಿ ಇನ್ನೊಂದು ತಂಡ ಲ್ಯಾಬ್ ತಳಿಯ ಭ್ರೂಣಗಳನ್ನು ಕಾಡಿಲಿಗಳ ಗರ್ಭದಲ್ಲಿ ಬೆಳೆಸಿತು. ಜೀನ್ ಲ್ಯಾಬಿನದು, ಬ್ಯಾಕ್ಟೀರಿಯಾ ಕಾಡಿನದು. ಇವುಗಳ ಮೇಲೆ ಎರಡು ಹಳೆಯ ಸೋಲುಗಳನ್ನು ಪರೀಕ್ಷಿಸಿದರು. ಒಂದು, 2006ರಲ್ಲಿ ಲಂಡನ್ನಿನಲ್ಲಿ ಆರು ಸ್ವಯಂಸೇವಕರನ್ನು ಸಾವಿನ ಅಂಚಿಗೆ ತಳ್ಳಿದ ಟಿಜಿಎನ್1412 ಎಂಬ ಪ್ರತಿಕಾಯ ಔಷಧವನ್ನು ಹೋಲುವ, ಇಲಿಗಳಿಗೆಂದೇ ಇರುವ ಔಷಧ. ಲ್ಯಾಬ್ ಇಲಿಗಳಲ್ಲಿ ಅದು ಉರಿಯೂತ ತಣಿಸುವ ಕಣಗಳನ್ನು ಹೆಚ್ಚಿಸುತ್ತದೆ. ಕಾಡಿನ ಬ್ಯಾಕ್ಟೀರಿಯಾ ಹೊತ್ತ ಇಲಿಗಳಲ್ಲಿ ಹಾಗಾಗಲಿಲ್ಲ, ಉರಿಯೂತವೇ ಎದ್ದಿತು. ಇನ್ನೊಂದು, ಟಿಎನ್‌ಎಫ್ ತಡೆಯುವ ಚಿಕಿತ್ಸೆ. ಮಾರಕ ಎಲ್‌ಪಿಎಸ್ ಕೊಟ್ಟ ಲ್ಯಾಬ್ ಇಲಿಗಳನ್ನು ಅದು ಉಳಿಸಿತು, ಈ ಇಲಿಗಳನ್ನು ಉಳಿಸಲಿಲ್ಲ. ಸೆಪ್ಸಿಸ್ ರೋಗಿಗಳಲ್ಲೂ ಅದು ಸೋತಿತ್ತು.

ಸೆಪ್ಸಿಸ್ ಚಿಕಿತ್ಸೆಯ ಹಾದಿಯಲ್ಲಿ ಇಂಥ ಸೋಲುಗಳು ಸಾಲುಸಾಲಾಗಿವೆ. ಟಿಎಲ್‌ಆರ್4ನ್ನೇ ತಡೆಯುವ ಎರಿಟೊರಾನ್ ಕೂಡ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ, ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಸಾವು ತಗ್ಗಿಸಲಿಲ್ಲ. ಗೆದ್ದದ್ದೂ ಇದೆ ಅನ್ನಿ. ಸಾಲ್ಮೊನೆಲ್ಲಾ ಲಿಪಿಡ್-ಎಯಿಂದ ಒಂದು ಫಾಸ್ಫೇಟ್ ಕಳಚಿ ವಿಷ ತಗ್ಗಿಸಿದ ಎಂಪಿಎಲ್, ಸರ್ಪಸುತ್ತಿನ ಒಂದು ಲಸಿಕೆ ಮತ್ತು ಮಲೇರಿಯಾದ ಒಂದು ಲಸಿಕೆಯಲ್ಲಿ ಇವತ್ತು ಅಡ್ಜುವೆಂಟ್‌ನ ಭಾಗ. ಆರೋಗ್ಯವಂತನ ದೇಹವನ್ನು ಚೂರು ತಟ್ಟಿ ಎಬ್ಬಿಸುವುದಕ್ಕೂ, ಆಗಲೇ ಉರಿಯುತ್ತಿರುವ ದೇಹದಲ್ಲಿ ಒಂದೇ ನಲ್ಲಿ ತಿರುಗಿಸಿ ಬೆಂಕಿ ಆರಿಸುವುದಕ್ಕೂ ಬಹಳ ಅಂತರ ಇದೆ.

2025ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಒಂದೇ ಗುರಿಗೆ ಅಂಟುವಂತೆ ಲ್ಯಾಬಿನಲ್ಲಿ ತಯಾರಿಸುವ ಮೊನೊಕ್ಲೋನಲ್ ಪ್ರತಿಕಾಯ ಔಷಧಗಳಲ್ಲಿ ಪ್ರಾಣಿ ಪರೀಕ್ಷೆಯನ್ನು ಹಂತಹಂತವಾಗಿ ತಗ್ಗಿಸುವ ಯೋಜನೆ ಪ್ರಕಟಿಸಿತು. ಔಷಧಗಳ ಗುಣಮಟ್ಟಕ್ಕೆ ಅಧಿಕೃತ ನಿಯಮಪುಸ್ತಕವಾದ ಯುರೋಪಿನ ಫಾರ್ಮಕೋಪಿಯಾ ಮೊಲದ ಪೈರೋಜನ್ ಪರೀಕ್ಷೆಯನ್ನು ಕೈಬಿಡುವ ತೀರ್ಮಾನ ಮಾಡಿದೆ. ಚುಚ್ಚುಮದ್ದಿನಲ್ಲಿ ಜ್ವರ ತರುವ ಬ್ಯಾಕ್ಟೀರಿಯಾದ ಚೂರು ಉಳಿದಿದೆಯಾ ಎಂದು ನೋಡುವ ಪರೀಕ್ಷೆ ಅದು. ಮೂರು ಮೊಲಗಳನ್ನು ಕದಲದಂತೆ ಕೂರಿಸುತ್ತಾರೆ. ಗುದದ್ವಾರದಲ್ಲಿ ತಾಪಮಾಪಕ. ಕಿವಿಯ ರಕ್ತನಾಳಕ್ಕೆ ಬೆಚ್ಚಗಿನ ಔಷಧ. ಆಮೇಲೆ ಮೂರು ಗಂಟೆ ಕಾಯುವುದು. ಅಮೆರಿಕದ ನಿಯಮದಂತೆ ಯಾವ ಮೊಲದ ಮೈಯೂ ಅರ್ಧ ಡಿಗ್ರಿ ಏರದಿದ್ದರೆ ಔಷಧ ಪಾಸು. ಏರಿದರೆ ಇನ್ನೂ ಐದು ಮೊಲ. ಜ್ವರ ಬಂದ ಮೊಲವನ್ನು ಕೂಡಲೇ ಮತ್ತೆ ಬಳಸುವ ಹಾಗಿಲ್ಲ, ವಾರಗಟ್ಟಲೆ ಬಿಡುವು ಕೊಡಬೇಕು. ಬೀಸನ್ ಕಂಡದ್ದು ಇಲ್ಲಿ ನಿಯಮವಾಗಿ ಕೂತಿದೆ.

ಕುದುರೆಲಾಳ ಏಡಿಯ ನೀಲಿ ರಕ್ತ ಬಳಸುವ ಪರೀಕ್ಷೆ ಬಹಳ ಕಾಲದಿಂದ ಇದೆ. ಅದರ ಒಂದು ಪ್ರೋಟೀನನ್ನು ಲ್ಯಾಬಿನಲ್ಲೇ ತಯಾರಿಸಿ ಏಡಿಯನ್ನೂ ಬಿಟ್ಟುಬಿಡುವ ದಾರಿ ಈಗ ಬಂದಿದೆ. ಆದರೆ ಇವು ಹಿಡಿಯುವುದು ಮುಖ್ಯವಾಗಿ ಎಂಡೋಟಾಕ್ಸಿನ್ ಒಂದನ್ನೇ. ಫ್ಲಾಜೆಲಿನ್, ಲಿಪೊಪ್ರೋಟೀನ್ ಎಲ್ಲ ನುಸುಳಿ ಹೋಗುತ್ತವೆ. ಆದ್ದರಿಂದ ಮೊಲದ ಜಾಗಕ್ಕೆ ಯುರೋಪ್ ತರುತ್ತಿರುವುದು ಮನುಷ್ಯನ ರಕ್ತದ ಮೊನೊಸೈಟ್ ಕಣಗಳನ್ನು. ಔಷಧವನ್ನು ಅವಕ್ಕೆ ಸೋಕಿಸಿ, ಇಂಟರ್‌ಲ್ಯೂಕಿನ್ ಎಷ್ಟು ಬಂತು ಎಂದು ಅಳೆಯುತ್ತಾರೆ. ಅಲ್ಲಿಯೂ ಒಬ್ಬನೇ ದಾನಿಯ ರಕ್ತವನ್ನು ನೆಚ್ಚಿಕೊಳ್ಳಲು ಹಿಂಜರಿಕೆ ಇದೆ. ಒಂದೇ ಚೂರಿಗೆ ಒಬ್ಬನ ಕಣಗಳು ಜೋರಾಗಿ ಕೂಗುತ್ತವೆ, ಇನ್ನೊಬ್ಬನವು ಮೆಲ್ಲಗೆ. ಹಾಗಾಗಿ ಹಲವು ದಾನಿಗಳ ರಕ್ತವನ್ನು ಬೆರೆಸಿ ಇಟ್ಟುಕೊಳ್ಳುತ್ತಾರೆ.